ವಾಕ್ಯದ ಬಾಲಂಗೋಚಿ

ಜಪಾನಿನ ಕಾದಂಬರಿಕಾರ ನಾತ್ಸುಮೆ ಸೋಸೆಕಿಯ ಬೆಕ್ಕು ಬಾಯಿ ಬಿಡುವುದೇ ಗತ್ತಿನಿಂದ. ‘ವಾಗಾಹಾಯ್ ವಾ ನೆಕೊ ದೆ ಆರು’ ಎಂಬುದು ಆ ಕಾದಂಬರಿಯ ಹೆಸರು. 1905ರ ಜನವರಿಯಲ್ಲಿ ‘ಹೊತೊತೊಗಿಸು’ ಎಂಬ ಹೈಕು ಪತ್ರಿಕೆಯಲ್ಲಿ ಅದರ ಮೊದಲ ಕಂತು ಬಂತು. ಸೋಸೆಕಿಯ ಮನಸ್ಸಿನಲ್ಲಿ ಬೇರೆ ಹೆಸರೂ ಇತ್ತಂತೆ, ಪತ್ರಿಕೆ ನೋಡಿಕೊಳ್ಳುತ್ತಿದ್ದ ತಾಕಾಹಾಮಾ ಕ್ಯೋಶಿ ಮೊದಲ ಸಾಲನ್ನೇ ಹೆಸರು ಮಾಡಿಬಿಡಿ ಅಂದರಂತೆ. ಒಳ್ಳೆಯ ಕೆಲಸ ಮಾಡಿದರು. ಹೇಳಿರುವುದು ‘ನಾನು ಬೆಕ್ಕು’ ಅನ್ನುವಷ್ಟೇ. ಆದರೆ ಮೊದಲಿಗಿರುವ ‘ವಾಗಾಹಾಯ್’ ದೊಡ್ಡ ಮನುಷ್ಯರು ಎದೆ ಸೆಟೆಸಿಕೊಂಡು ಹೇಳುವ ‘ನಾನು’. ಕೊನೆಯ ‘ದೆ ಆರು’ ಘನವಾದ ಪ್ರಬಂಧಗಳಿಗೆ, ಗಂಭೀರ ವಾದಗಳಿಗೆ ಒಪ್ಪುವ ಮುಕ್ತಾಯ. ಸ್ವಂತಕ್ಕೊಂದು ಹೆಸರೂ ಇಲ್ಲದ, ಮೇಷ್ಟ್ರೊಬ್ಬರ ಮನೆಯಲ್ಲಿ ಬಿಟ್ಟಿ ಊಟ ಮಾಡಿಕೊಂಡಿರುವ ಬೆಕ್ಕು ಇವೆರಡನ್ನೂ ಹೊದ್ದುಕೊಂಡು ಬಂದು ನಿಂತರೆ ಓದುಗ ನಗದೆ ಇನ್ನೇನು ಮಾಡಿಯಾನು?

ನನ್ನ ಕಣ್ಣು ಆ ಕೊನೆಯ ‘ದೆ ಆರು’ ಮೇಲೆ. ಬೆಕ್ಕಿಗೆ ಈ ಬಾಲ ಸುಮ್ಮನೆ ಬಂದದ್ದಲ್ಲ. ಅದು ಇಷ್ಟುದ್ದ ಬೆಳೆಯಲು ಸಾವಿರ ವರ್ಷ ಹಿಡಿದಿದೆ. ನಡುವೆ ಸನ್ಯಾಸಿಗಳು, ಸಾಮುರಾಯ್‌ಗಳು, ಪಾದ್ರಿಗಳು, ಕಥೆ ಹೇಳುವವರು, ಶಾಲೆಯ ಹುಡುಗಿಯರು ಎಲ್ಲರೂ ಅದನ್ನು ಒಂದೊಂದು ಕಡೆ ಎಳೆದಿದ್ದಾರೆ.

ಜಪಾನಿ ಭಾಷೆಯಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ. ಈ ಸಂಗತಿ ಕೇಳಿ ಯುರೋಪಿನವರು ಹುಬ್ಬೇರಿಸುತ್ತಾರೆ. ನಮಗೇನೂ ಅನ್ನಿಸುವುದಿಲ್ಲ, ಹುಟ್ಟಿದಾರಭ್ಯ ನಾವೂ ಹಾಗೇ ಮಾತಾಡುತ್ತಿದ್ದೇವೆ. ಕ್ರಿಯಾಪದ ಮುಗಿದ ಮೇಲೂ ನಮ್ಮ ಬಾಯಿ ನಿಲ್ಲುವುದಿಲ್ಲ. ‘ಬಂದ ಕಣೋ’, ‘ಬಂದ ಮಾರಾಯ’, ‘ಬಂದ್ರು ರೀ’, ‘ಬಂದನಂತೆ’, ‘ಬಂದ ಅಲ್ವಾ’ ಎಂದು ಒಂದು ಚೂರು ಅಂಟಿಸಿಯೇ ಬಿಡುತ್ತೇವೆ. ಜಪಾನಿನವರಿಗೂ ‘ನೆ’, ‘ಯೊ’, ‘ಕಾ’, ‘ಝೊ’, ‘ವಾ’ ಎಂದು ಇಂಥ ಚೂರುಗಳ ಭಂಡಾರವೇ ಇದೆ. ವ್ಯತ್ಯಾಸವೊಂದುಂಟು. ನಮ್ಮ ಕ್ರಿಯಾಪದ ಬಂದವರು ಯಾರು ಎಂದು ಲೆಕ್ಕ ಒಪ್ಪಿಸುತ್ತದೆ: ಬಂದನು, ಬಂದಳು, ಬಂದರು, ಬಂತು. ಜಪಾನಿನ ಕ್ರಿಯಾಪದಕ್ಕೆ ಬಂದದ್ದು ಗಂಡೋ ಹೆಣ್ಣೋ, ಒಬ್ಬರೋ ಹತ್ತು ಜನರೋ ಎಂಬುದರ ಗೊಡವೆ ಇಲ್ಲ. ಎದುರಿಗೆ ಕೂತು ಕೇಳುತ್ತಿರುವವರು ಯಾರು, ಅವರ ಮುಂದೆ ನಾನೆಷ್ಟು ಬಾಗಬೇಕು ಎಂಬುದೇ ಅದಕ್ಕೆ ಮುಖ್ಯ. ಹೀಗಾಗಿ ಆ ಭಾಷೆಯ ಚರಿತ್ರೆಯ ಅರ್ಧಭಾಗ ವಾಕ್ಯದ ಬಾಲದಲ್ಲೇ ನಡೆದುಹೋಗಿದೆ.

ಹಳೆಯ ಕಾಲಕ್ಕೆ, ಅಂದರೆ ಗೆಂಜಿಯ ಕಥೆ ಬರೆದ ಮುರಾಸಾಕಿ ಶಿಕಿಬುವಿನ ಕಾಲಕ್ಕೆ ಹೋಗೋಣ. ಆಗ ಜಪಾನಿ ಕ್ರಿಯಾಪದಕ್ಕೆ ವಾಕ್ಯ ಮುಗಿಸಲೆಂದೇ ಒಂದು ರೂಪವಿತ್ತು, ನಾಮಪದದ ಹಿಂದೆ ವಿಶೇಷಣವಾಗಿ ನಿಲ್ಲಲು ಇನ್ನೊಂದು. ನಮ್ಮ ‘ಹೂವು ಬೀಳುತ್ತದೆ’, ‘ಬೀಳುವ ಹೂವು’ ಇದ್ದ ಹಾಗೆ. ‘ಹಾನಾ ಒತ್ಸು’ ಎಂದರೆ ಹೂವು ಬೀಳುತ್ತದೆ, ವಾಕ್ಯ ಮುಗಿಯಿತು. ‘ಒತ್ಸುರು ಹಾನಾ’ ಎಂದರೆ ಬೀಳುವ ಹೂವು. ಇಲ್ಲಿಯವರೆಗೆ ಎಲ್ಲ ಸರಳ. ಈಗ ಹೂವಿಗೆ ‘ಝೊ’ ಎಂಬ ಒತ್ತಿನ ಚೂರನ್ನು ಅಂಟಿಸಿ ನೋಡಿ. ಕೂಡಲೇ ವಾಕ್ಯದ ಕೊನೆ ಬದಲಾಗುತ್ತದೆ: ‘ಹಾನಾ ಝೊ ಒತ್ಸುರು’. ವಿಶೇಷಣದ ರೂಪ ಬಂದು ಮುಕ್ತಾಯದ ಜಾಗದಲ್ಲಿ ಕೂತಿತು. ‘ಕೊಸೊ’ ಅಂಟಿಸಿದರೆ ಮತ್ತೊಂದು ರೂಪ: ‘ಹಾನಾ ಕೊಸೊ ಒತ್ಸುರೆ’. ನಡುವೆ ಎಲ್ಲೋ ಒಂದು ಗುಂಡಿ ಒತ್ತಿದರೆ ಕೊನೆಯಲ್ಲಿ ದೀಪ ಹತ್ತಿಕೊಳ್ಳುವ ಏರ್ಪಾಡು. ಇದಕ್ಕೆ ಅವರು ‘ಕಾಕಾರಿಮುಸುಬಿ’ ಎನ್ನುತ್ತಾರೆ.

ಇದನ್ನು ಓದಿ ಎಂಥ ವಿಚಿತ್ರ ಭಾಷೆಯಪ್ಪ ಎಂದುಕೊಳ್ಳುವ ಮೊದಲು ನಮ್ಮ ಮಾತನ್ನೇ ಒಂದು ಸಲ ನೋಡಿಕೊಳ್ಳಿ. ‘ಅವನು ಬಂದ’ ಎನ್ನುತ್ತೇವೆ. ಬೇರೆ ಯಾರೂ ಅಲ್ಲ, ಅವನೇ ಎಂದು ಒತ್ತಿ ಹೇಳಬೇಕಾದಾಗ ಏನೆನ್ನುತ್ತೇವೆ? ‘ಅವನೇ ಬಂದದ್ದು.’ ‘ಏ’ ಸೇರಿದ್ದೇ ತಡ, ‘ಬಂದ’ ಹೋಗಿ ‘ಬಂದದ್ದು’ ಆಯಿತು. ಗಂಡಸು, ಹೆಂಗಸು, ಬಹುವಚನ ಎಲ್ಲ ಗುರುತೂ ಅಳಿಸಿತು. ‘ಅವಳೇ ಬಂದದ್ದು’, ‘ಅವರೇ ಬಂದದ್ದು’. ವ್ಯಾಕರಣದ ಪುಸ್ತಕದಲ್ಲಿ ಇದನ್ನು ಯಾರೂ ನಮಗೆ ಕಲಿಸಲಿಲ್ಲ, ತಪ್ಪು ಮಾಡುವವರೂ ಇಲ್ಲ. ಮುರಾಸಾಕಿಯ ಕಾಲದ ದಾಸಿಯರಿಗೂ ಯಾರೂ ಕಲಿಸಿರಲಿಕ್ಕಿಲ್ಲ. ಇಂಥ ಹೋಲಿಕೆ ಕಂಡ ಕೂಡಲೇ ನೆಂಟಸ್ತಿಕೆ ಹುಡುಕಿಕೊಂಡು ಹೊರಡುವುದು ಮನುಷ್ಯಸಹಜ. ಒನೊ ಸುಸುಮು ಎಂಬ ದೊಡ್ಡ ವಿದ್ವಾಂಸರು ಹಾಗೇ ಹೊರಟರು. ಜಪಾನಿ ಭಾಷೆಗೂ ತಮಿಳಿಗೂ ಬೇರು ಒಂದೇ ಎಂದು ದಶಕಗಟ್ಟಲೆ ವಾದಿಸಿದರು. ಬಹುಪಾಲು ಭಾಷಾವಿಜ್ಞಾನಿಗಳು ಒಪ್ಪಲಿಲ್ಲ. ಆದರೆ ಅದೇ ಒನೊ 1993ರಲ್ಲಿ ಕಾಕಾರಿಮುಸುಬಿಯ ಬಗ್ಗೆ ಹೊರತಂದ ಗ್ರಂಥದ ತೂಕವೇ ಬೇರೆ. ಸಂಬಂಧ ಹುಡುಕಲು ಹೋದವರು ಎಷ್ಟೋ ಸಲ ಸಂಬಂಧಕ್ಕಿಂತ ಒಳ್ಳೆಯದನ್ನೇ ಹುಡುಕಿಕೊಂಡು ಬರುತ್ತಾರೆ.

ಈ ನಿಯಮವನ್ನು ಕಟ್ಟುನಿಟ್ಟಾಗಿ ಪಟ್ಟಿ ಮಾಡಿದವರು ಹದಿನೆಂಟನೆಯ ಶತಮಾನದ ಮೊತೊಓರಿ ನೊರಿನಾಗಾ. ಇಸೆ ಸೀಮೆಯ ಮಾತ್ಸುಸಾಕಾದಲ್ಲಿ ವೈದ್ಯವೃತ್ತಿ. ರೋಗಿಗಳನ್ನು ನೋಡಿ ಮಿಕ್ಕ ಹೊತ್ತಿನಲ್ಲಿ ಹಳೆಯ ಕವನಸಂಕಲನಗಳನ್ನು ಜಾಲಾಡುವುದು. 1771ರಲ್ಲಿ ಒಂದೇ ಹಾಳೆಯ ಕೋಷ್ಟಕವೊಂದನ್ನು ಹೊರಡಿಸಿದರು: ಯಾವ ಚೂರು ಬಂದರೆ ಯಾವ ಕೊನೆ ಎಂದು. ಅದರ ವಿವರಣೆಯ ಪುಸ್ತಕ ಆಮೇಲೆ 1785ರಲ್ಲಿ ಬಂತು. ತಮಾಷೆಯೆಂದರೆ ನೊರಿನಾಗಾ ಕೋಷ್ಟಕ ಬರೆಯುವ ಹೊತ್ತಿಗೆ ಆ ನಿಯಮ ಜನರ ಬಾಯಿಂದ ಮರೆಯಾಗಿ ಎಷ್ಟೋ ತಲೆಮಾರು ಕಳೆದಿತ್ತು. ಬದುಕಿರುವಾಗ ನಿಯಮಕ್ಕೆ ಯಾರೂ ಪಟ್ಟಿ ಬರೆಯಲು ಹೋಗುವುದಿಲ್ಲ.

ಮರೆಯಾದದ್ದು ಹೇಗೆ? ಒತ್ತಿ ಹೇಳುವ ಚಟದಿಂದ. ‘ಒತ್ಸುರು’ ಎಂದು ವಿಶೇಷಣದ ರೂಪದಲ್ಲಿ ವಾಕ್ಯ ನಿಲ್ಲಿಸಿದರೆ ಏನೋ ಬಾಕಿ ಉಳಿದ ಹಾಗೆ, ಒಂದು ಉದ್ಗಾರದ ಎಳೆ ಗಾಳಿಯಲ್ಲಿ ನಿಂತ ಹಾಗೆ ಅನ್ನಿಸುತ್ತಿತ್ತು. ‘ಆಹಾ, ಹೂವು ಬೀಳುವುದೇ!’ ಅನ್ನುವ ಧಾಟಿ. ಚೆನ್ನಾಗಿದೆಯಲ್ಲ ಎಂದು ‘ಝೊ’ ಇಲ್ಲದೆಯೂ ಹಾಗೇ ಮುಗಿಸತೊಡಗಿದರು. ಹನ್ನೆರಡನೆಯ ಶತಮಾನದ ಹೊತ್ತಿಗೆ ಎಲ್ಲರೂ ಎಲ್ಲದಕ್ಕೂ ಹಾಗೇ. ಎಲ್ಲ ವಾಕ್ಯವೂ ಉದ್ಗಾರವಾದರೆ ಯಾವುದೂ ಉದ್ಗಾರವಲ್ಲ. ಮುರೊಮಾಚಿ ಕಾಲಕ್ಕೆ ವಿಶೇಷಣದ ರೂಪವೇ ಸಾದಾ ಮುಕ್ತಾಯವಾಗಿ ನಿಂತುಬಿಟ್ಟಿತು, ಹಳೆಯ ಮುಕ್ತಾಯ ಮನೆ ಬಿಟ್ಟು ಹೋಯಿತು. ‘ಒತ್ಸು’ ಸತ್ತು ‘ಒತ್ಸುರು’ ಉಳಿಯಿತು, ಅದು ಇಂದಿನ ‘ಒಚಿರು’ ಆಯಿತು. ಎತ್ತರ ಎನ್ನಲು ‘ತಾಕಾಶಿ’ ಎನ್ನುತ್ತಿದ್ದರು, ವಿಶೇಷಣ ‘ತಾಕಾಕಿ’. ಗೆದ್ದದ್ದು ಎರಡನೆಯದು, ‘ಕ’ಕಾರ ಉದುರಿಸಿಕೊಂಡು ಇಂದು ‘ತಾಕಾಯಿ’. ಇದೆ ಎನ್ನಲು ‘ಆರಿ’ ಎನ್ನುತ್ತಿದ್ದವರು ‘ಆರು’ ಎನ್ನತೊಡಗಿದರು. ನಮ್ಮ ಬೆಕ್ಕಿನ ‘ಆರು’ ಇದೇ. ಒಂದು ಕಾಲಕ್ಕೆ ಉದ್ಗಾರವಾಗಿದ್ದದ್ದು ಎಂದು ಬೆಕ್ಕಿಗೇನು ಗೊತ್ತು.

ಇನ್ನು ಆ ‘ದೆ’. ‘ಇಂಥದ್ದು ಆಗಿದೆ’ ಎನ್ನಲು ಹಳಬರು ‘ನಾರಿ’ ಬಳಸುತ್ತಿದ್ದರು. (ಹೌದು, ಓದುವಾಗ ನನಗೂ ನಗು ಬರುತ್ತದೆ. ಪ್ರತಿ ವಾಕ್ಯದ ಕೊನೆಗೂ ಒಬ್ಬ ನಾರಿ.) ಅದರ ಜಾಗಕ್ಕೆ ‘ದೆ ಆರು’ ಬಂತು. ಬಾಯಿಗೆ ಬಿದ್ದ ಮಾತು ಉದ್ದಕ್ಕೆ ಉಳಿಯುತ್ತದೆಯೇ? ಸವೆದು ‘ದೆಆ’ ಆಯಿತು. ಅಲ್ಲಿಂದ ದಾರಿ ಎರಡಾಯಿತು. ಕ್ಯೋತೋ ಕಡೆಯ ಪಶ್ಚಿಮದಲ್ಲಿ ‘ಜಾ’, ಪೂರ್ವದಲ್ಲಿ ‘ದಾ’.

ಈ ಸವೆತವನ್ನು ಕಿವಿಯಾರೆ ಕೇಳಿ ಬರೆದಿಟ್ಟವರು ಪೋರ್ಚುಗೀಸ್ ಪಾದ್ರಿಗಳ ಬಳಗ. ಗೋವೆಯಿಂದ ಬಂದ ಹಡಗುಗಳ ದಾರಿಯಲ್ಲೇ ಅವರಿಗೆ ಒಂದು ಅಚ್ಚಿನ ಯಂತ್ರವೂ ಬಂದಿತ್ತು. ಅಮಾಕುಸಾ ದ್ವೀಪದಲ್ಲಿ 1592ರ ತೇದಿ ಹೊತ್ತ ಹೆಯಿಕೆ ಯುದ್ಧಕಥೆಯನ್ನು ಅಚ್ಚು ಹಾಕಿದರು. ರೋಮನ್ ಲಿಪಿಯಲ್ಲಿ, ಆ ಹೊತ್ತಿನ ಆಡುಮಾತಿನಲ್ಲಿ! ಹೊಸದಾಗಿ ಬಂದ ಪಾದ್ರಿಗಳು ದೇಶದ ಭಾಷೆಯನ್ನೂ ಚರಿತ್ರೆಯನ್ನೂ ಒಟ್ಟಿಗೆ ಕಲಿಯಲಿ ಎಂದು. ಉಮಾನೊಜೋ ಎಂಬವನು ಕೇಳುತ್ತಾನೆ, ಕಿಇಚಿ ಎಂಬ ಕಥೆಗಾರ ಹೇಳುತ್ತಾ ಹೋಗುತ್ತಾನೆ. ಜಪಾನಿ ಲಿಪಿಯಲ್ಲಿ ಬರೆದವರು ಶತಮಾನಗಳ ಹಳೆಯ ಕಾಗುಣಿತವನ್ನು ಮುಂದುವರಿಸಿದ್ದರಿಂದ ಉಚ್ಚಾರ ಮುಚ್ಚಿಹೋಗಿರುತ್ತದೆ. ಪಾದ್ರಿಗಳಿಗೆ ಆ ಹಂಗಿಲ್ಲ, ಕೇಳಿದ್ದನ್ನು ಕೇಳಿದ ಹಾಗೆ ಬರೆದರು. ಅಲ್ಲಿ ‘ಜಾ’ ಇದೆ, ‘ಗೊಝಾರು’ ಇದೆ. ಆ ಪುಸ್ತಕದ ಒಂದೇ ಒಂದು ಪ್ರತಿ ಉಳಿದಿದೆ, ಅದಿರುವುದು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ. ಇದೇ ಬಳಗದ ಜೋವಾವ್ ರೊದ್ರಿಗಸ್ 1604ರಿಂದ 1608ರವರೆಗೆ ನಾಗಾಸಾಕಿಯಲ್ಲಿ ಅಚ್ಚು ಹಾಕಿಸಿದ ವ್ಯಾಕರಣದಲ್ಲಿ ಪೂರ್ವಸೀಮೆಯವರ ಒರಟು ಮಾತಿನ ಬಗ್ಗೆಯೂ ಟಿಪ್ಪಣಿ ಇದೆ: ಆ ಜನ ‘ನು’ ಎನ್ನಬೇಕಾದಲ್ಲಿ ‘ನಾಯ್’ ಎನ್ನುತ್ತಾರೆ, ಕೊನೆಗೆ ‘ಬೇ’ ಅಂಟಿಸುತ್ತಾರೆ ಎಂದು. ಆಗ ಒರಟರ ಊರು ಎನಿಸಿದ್ದ ಎದೊ ಮುಂದೆ ತೋಕ್ಯೋ ಆಯಿತು, ಅವರ ‘ನಾಯ್’ ಶಿಷ್ಟರ ಮಾತಾಯಿತು. ಧಾರವಾಡದವರೂ ಮೈಸೂರಿನವರೂ ಈ ಸಾಲನ್ನು ತಂತಮ್ಮ ಮನಸ್ಸಿಗೆ ಬಂದ ಹಾಗೆ ಓದಿಕೊಳ್ಳಬಹುದು.

ಇಷ್ಟು ಹೊತ್ತು ಹೇಳಿದ್ದು ಒಣ ಮುಕ್ತಾಯಗಳ ಕಥೆ. ವಿನಯದ ಮುಕ್ತಾಯಗಳದ್ದು ಇದಕ್ಕಿಂತ ಸೊಗಸು, ಇದಕ್ಕಿಂತ ದಾರುಣ. ವಿನಯದ ಮಾತಿಗೊಂದು ಶಾಪವಿದೆ: ಹೆಚ್ಚು ಬಳಸಿದಷ್ಟೂ ಅದರ ವಿನಯ ಕಡಿಮೆಯಾಗುತ್ತದೆ. ಮುರಾಸಾಕಿಯ ಕಾಲದ ‘ಹಾಬೆರಿ’ ಸವೆದಾಗ ‘ಸಾಬುರಾವು’ ಬಂತು. ದೊರೆಯ ಬಳಿ ಕೈಕಟ್ಟಿ ಕಾದಿರುವುದು ಎಂದು ಅದರ ಮೂಲಾರ್ಥ. ಅದೇ ಬೇರಿನಿಂದ ‘ಸಾಮುರಾಯ್’ ಹುಟ್ಟಿದ್ದು. ಕತ್ತಿ ಹಿಡಿದು ಮೆರೆದವನ ಹೆಸರಿನ ತಳದಲ್ಲಿರುವುದು ಊಳಿಗ! ‘ಸಾಬುರಾವು’ ಸವೆದು ‘ಸೋರೊ’ ಆಯಿತು. ಪತ್ರ ಬರೆಯುವವರೆಲ್ಲ ಅದನ್ನೇ ಹಿಡಿದುಕೊಂಡರು. ಕೇಳಿಕೊಂಡೆ ಸೋರೊ, ಕಳಿಸಿಕೊಟ್ಟೆ ಸೋರೊ, ಸಾಲ ತೀರಿಸಲಾಗಲಿಲ್ಲ ಸೋರೊ. ಒಂದು ಪತ್ರದಲ್ಲಿ ಎಷ್ಟು ಸಲ ಅಂತ ಆ ಅಕ್ಷರವನ್ನು ಬಿಡಿಸಿ ಬರೆಯುವುದು? ಅವಸರದ ಕೈಬರಹದಲ್ಲಿ ಹತ್ತು ಗೀಟುಗಳ ಆ ಚಿತ್ರಾಕ್ಷರ ಕುಗ್ಗಿ ಕುಗ್ಗಿ ಕೊನೆಗೊಂದು ಚುಕ್ಕೆಯಾಯಿತು. ಹಳೆಯ ಪತ್ರಗಳನ್ನು ಓದಲು ಕಲಿಯುವವರು ಮೊದಲಿಗೆ ಮಸಿಯ ಹನಿ ಯಾವುದು, ವಿನಯ ಯಾವುದು ಎಂದು ಗುರುತಿಸುವುದನ್ನು ಕಲಿಯಬೇಕು.

ಮಾತಿನಲ್ಲಿ ‘ಸೋರೊ’ ಮಂಕಾದಾಗ ‘ಗೊಝಾರು’ ತಲೆ ಎತ್ತಿತು. ಅದು ಹುಟ್ಟಿದ್ದು ‘ಗೊಝಾ ಆರು’ ಎಂಬುದರಿಂದ, ಅಂದರೆ ಆಸನ ಇದೆ, ದೊಡ್ಡವರು ಚಿತ್ತೈಸಿದ್ದಾರೆ ಎಂಬ ಭಾವ. ನೋ ನಾಟಕದ ಪಾತ್ರಗಳು ‘ಸೋರೊ’ ಎನ್ನುತ್ತವೆ. ಅದೇ ರಂಗದ ಮೇಲೆ ನಡುನಡುವೆ ಆಡುವ ಕ್ಯೋಗೆನ್ ಎಂಬ ಹಾಸ್ಯದವರು ‘ಗೊಝಾರು’ ಎನ್ನುತ್ತಾರೆ. ಕಣ್ಣು ಮುಚ್ಚಿ ಕೂತರೂ ದೇವರೋ ದೆವ್ವವೋ ಬಂತು, ಕಳ್ಳ ಆಳು ಬಂದ ಎಂದು ಬಾಲದಿಂದಲೇ ಗೊತ್ತಾಗುತ್ತದೆ. ‘ಅರ್ಪಿಸುತ್ತೇನೆ’ ಎಂಬರ್ಥದ ‘ಮಾಯಿರಾಸು’ ಸವೆದು ಇವತ್ತಿನ ‘ಮಾಸು’ ಆಯಿತು. ಇವತ್ತು ಜಪಾನಿ ಕಲಿಯುವ ನಮ್ಮ ಐಟಿ ಹುಡುಗರು ಮೊದಲ ಪಾಠದಲ್ಲೇ ಉರು ಹೊಡೆಯುವ ‘ದೆಸು’ವಿನ ಜಾತಕ ಮಾತ್ರ ಇನ್ನೂ ವಿವಾದದಲ್ಲಿದೆ. ‘ದೆ ಸೋರೊ’ದಿಂದ ಬಂತು ಎನ್ನುವವರಿದ್ದಾರೆ, ‘ದೆ ಗೊಝಾಯ್ಮಾಸು’ವಿನಿಂದ ಎನ್ನುವವರಿದ್ದಾರೆ. ಕ್ಯೋಗೆನ್‌ನಲ್ಲಿ ಬಡಾಯಿ ದೊರೆಗಳು ತಮ್ಮ ಪರಿಚಯ ಹೇಳಿಕೊಳ್ಳುವಾಗ ‘ದೆಸು’ ಎಂದು ಬೀಗುತ್ತಾರೆ. ಎದೊದ ಕೊನೆಗಾಲದಲ್ಲಿ ಅದು ಕೇಳಿಬರುತ್ತಿದ್ದದ್ದು ವೇಶ್ಯಾವಾಟಿಕೆಗಳಂಥ ಕಡೆ. ಬಡಾಯಿಕೋರರ ಬಾಯಿಂದ ವೇಶ್ಯೆಯರ ಬಾಯಿಗೆ, ಅಲ್ಲಿಂದ ಪಠ್ಯಪುಸ್ತಕಕ್ಕೆ. ಮಡಿವಂತರು ಮೂಗು ಮುರಿಯುತ್ತಿರುವಾಗಲೇ ಮಾತು ಹೊಸ್ತಿಲು ದಾಟಿ ಒಳಗೆ ಬಂದು ಕೂತಿರುತ್ತದೆ.

ಈಗ ಮೇಯಿಜಿ ಕಾಲ. ರೈಲು ಬಂತು, ತಂತಿ ಬಂತು, ಕೋಟು ಬೂಟು ಬಂತು. ಬರೆಯುವವರು ಮಾತ್ರ ಇನ್ನೂ ‘ನಾರಿ’, ‘ಸೋರೊ’ಗಳಲ್ಲೇ. ಆಡುವ ಹಾಗೆ ಬರೆಯೋಣ ಎಂಬ ಕೂಗೆದ್ದಿತು, ‘ಗೆನ್‌ಬುನ್ ಇತ್ಚಿ’ ಎಂದು ಅದರ ಹೆಸರು. ಕೂಗುವುದು ಸುಲಭ. ಕಾಗದದ ಮುಂದೆ ಕೂತರೆ ಮೊದಲ ವಾಕ್ಯದ ಕೊನೆಯಲ್ಲೇ ಪೆನ್ನು ನಿಲ್ಲುತ್ತದೆ. ಯಾಕೆಂದರೆ ಆಡುಮಾತಿನಲ್ಲಿ ಎದುರಿಗೆ ಒಬ್ಬರಿಲ್ಲದ ವಾಕ್ಯವೇ ಇಲ್ಲ. ‘ದಾ’ ಎಂದರೆ ಓದುಗನ ಹೆಗಲ ಮೇಲೆ ಕೈ ಹಾಕಿದ ಹಾಗೆ. ‘ಗೊಝಾಯ್ಮಾಸು’ ಎಂದರೆ ಅಂಗಡಿಯವನು ಗಿರಾಕಿಗೆ ನಮಸ್ಕಾರ ಹಾಕಿದ ಹಾಗೆ. ಕಾದಂಬರಿಕಾರ ತನ್ನ ಓದುಗನಿಗೆ ಏನಾಗಬೇಕು? ಆಳೇ, ಗೆಳೆಯನೇ, ಗುರುವೇ? ಸಮಸ್ಯೆ ವ್ಯಾಕರಣದ್ದು ಅನ್ನಿಸಿದರೂ ನಿಜವಾಗಿ ಅದು ಸಂಬಂಧದ್ದು.

ಫುತಾಬಾತೆಯಿ ಶಿಮೇಯಿ ಎಂಬ ಇಪ್ಪತ್ತರ ಹರೆಯದ ತರುಣ ತ್ಸುಬೊಉಚಿ ಶೋಯೋ ಎಂಬ ಹಿರಿಯ ಸಾಹಿತಿಯ ಬಳಿ ಹೋಗಿ ಹೇಗೆ ಬರೆಯಲಿ ಎಂದು ಕೇಳಿದ. ಎಂಚೋ ಕಥೆ ಹೇಳುತ್ತಾರಲ್ಲ, ಹಾಗೆ ಬರೆದು ನೋಡು ಎಂದರು ಅವರು. ಸಾನ್‌ಯೂತೆಯಿ ಎಂಚೋ ಆಗಿನ ಹೆಸರಾಂತ ರಾಕುಗೊ ಕಥೆಗಾರ. ದಿಂಬಿನ ಮೇಲೆ ಕೂತು ಒಬ್ಬನೇ ಹತ್ತು ಪಾತ್ರವಾಡಿ ಜನರನ್ನು ಅಳಿಸಿ ನಗಿಸುವವನು. ಜಪಾನಿಗೆ ಶೀಘ್ರಲಿಪಿ ಆಗಷ್ಟೇ ಬಂದಿತ್ತು, ಎಂಚೋ ಹೇಳಿದ ದೆವ್ವದ ಕಥೆ ‘ಬೊತಾನ್ ದೋರೋ’ವನ್ನು ಮಾತಿಗೆ ಮಾತು ಗೀಚಿಕೊಂಡು 1884ರಲ್ಲಿ ಪುಸ್ತಕ ಮಾಡಿದ್ದರು. ಆಧುನಿಕ ಜಪಾನಿ ಕಾದಂಬರಿಯ ಗದ್ಯಕ್ಕೆ ಒಂದು ದೆವ್ವದ ಕಥೆಯ ಹಾಲು ಕುಡಿಸಿದ್ದಾರೆ ಎಂಬುದು ನನಗೆ ಬಹಳ ಹಿಡಿಸಿದ ಸಂಗತಿ.

ಫುತಾಬಾತೆಯಿ 1887ರಲ್ಲಿ ‘ಉಕಿಗುಮೊ’ ಬರೆದ, ‘ದಾ’ದಲ್ಲಿ. ಅದೇ ಹೊತ್ತಿಗೆ ಯಾಮಾದಾ ಬಿಮ್ಯೋ ‘ದೆಸು’ವಿನಲ್ಲಿ ಬರೆಯುತ್ತಿದ್ದ. ಬಹಳ ವರ್ಷಗಳ ನಂತರ, 1906ರಲ್ಲಿ, ಫುತಾಬಾತೆಯಿ ಒಂದು ಲೇಖನದಲ್ಲಿ ಗುಟ್ಟು ಬಿಚ್ಚಿದ್ದಾನೆ: ತಾನು ‘ದೆಸು’ ಎಂದುಕೊಂಡು ಹೊರಟು ಕೊನೆಗೆ ‘ದಾ’ ಹಿಡಿದನಂತೆ, ಬಿಮ್ಯೋ ‘ದಾ’ದಿಂದ ಶುರುಮಾಡಿ ಸರಿಹೋಗದೆ ‘ದೆಸು’ವಿಗೆ ಹೋದನಂತೆ. ಇಬ್ಬರೂ ಒಂದೇ ರಸ್ತೆಯಲ್ಲಿ ಎದುರುಬದುರಾಗಿ ನಡೆದು ಹೋದರು, ಒಬ್ಬರಿಗೊಬ್ಬರು ಹೇಳಲಿಲ್ಲ. ಇಬ್ಬರ ನಡುವಿನ ಜಾಗವನ್ನು ಕಂಡದ್ದು ಒಝಾಕಿ ಕೋಯೋ. 1896ರ ‘ತಾಜೋ ತಾಕೊನ್’ ಕಾದಂಬರಿಯನ್ನು ‘ದೆ ಆರು’ವಿನಲ್ಲಿ ಬರೆದ. ಸವೆಯುವ ಮೊದಲಿನ ಆ ಹಳೆಯ ಉದ್ದ ರೂಪ ಜನರ ದಿನನಿತ್ಯದ ಬಾಯಲ್ಲಿ ಇರಲಿಲ್ಲ. ಆದ್ದರಿಂದಲೇ ಅದರಲ್ಲಿ ಯಾರ ಮುಖವೂ ಇರಲಿಲ್ಲ, ಬಾಗುವುದೂ ಇಲ್ಲ, ಬೀಗುವುದೂ ಇಲ್ಲ. ಆಡುಮಾತಿನಂತೆ ಬರೆಯಬೇಕೆಂದು ಹೊರಟವರು ಕೊನೆಗೆ ನೆಚ್ಚಿಕೊಂಡದ್ದು ಯಾರೂ ಆಡದ ಮಾತನ್ನು! ಆ ಕೋಯೋನಾದರೂ ಅಲ್ಲೇ ನಿಂತನೇ? ಮರುವರ್ಷವೇ ಶುರುಮಾಡಿದ ತನ್ನ ಅತ್ಯಂತ ಜನಪ್ರಿಯ ಕಾದಂಬರಿ ‘ಕೊಂಜಿಕಿ ಯಾಶಾ’ದ ನಿರೂಪಣೆಗೆ ತಿರುಗಿ ಹಳೆಯ ಗ್ರಾಂಥಿಕಕ್ಕೇ ಹೋದ. ಓದುಗರು ಮುಗಿಬಿದ್ದು ಓದಿದರು. ಸಾಹಿತ್ಯಚರಿತ್ರೆ ಬರೆಯುವವರಿಗೆ ತಲೆನೋವು.

ಇದೇ ಗಡಿಬಿಡಿಯಲ್ಲಿ ಇನ್ನೊಂದು ದೊಡ್ಡ ನಷ್ಟ ಬೆಳಕಿಗೆ ಬಂತು. ನಡೆದುಹೋದದ್ದನ್ನು ಹೇಳಲು ಹಳೆಯ ಭಾಷೆಯಲ್ಲಿ ‘ಕಿ’, ‘ಕೆರಿ’, ‘ತ್ಸು’, ‘ನು’, ‘ತಾರಿ’, ‘ರಿ’ ಎಂದು ಆರು ಬಾಲಗಳಿದ್ದವು. ಕೇಳಿ ತಿಳಿದದ್ದು, ಈಗಷ್ಟೇ ಅರಿವಿಗೆ ಬಂದದ್ದು, ಆಗಿ ಮುಗಿದದ್ದು, ಆಗಿ ಹಾಗೇ ಉಳಿದದ್ದು ಎಂದು ಬಣ್ಣಬಣ್ಣ. ಆರೂ ಕರಗಿ ‘ತಾರಿ’ಯ ಮೊಂಡು ತುಂಡು ‘ತಾ’ ಒಂದೇ ಉಳಿದಿತ್ತು. 1888ರಲ್ಲಿ ಫುತಾಬಾತೆಯಿ ತುರ್ಗೆನೆವ್‌ನ ಕಥೆಯೊಂದನ್ನು ರಷ್ಯನ್ನಿನಿಂದ ತಂದಾಗ ಸಾಲುಸಾಲಾಗಿ ‘ತಾ’, ‘ತಾ’, ‘ತಾ’. ಕೆಲವರಿಗೆ ಕಿವಿ ಕಚ್ಚಿತು, ಎಷ್ಟೋ ತರುಣರಿಗೆ ಹುಚ್ಚು ಹಿಡಿಯಿತು. ಇಂದಿಗೂ ಜಪಾನಿ ಕಥೆಗಾರರು ಎರಡು ‘ತಾ’ ನಡುವೆ ಒಂದು ವರ್ತಮಾನದ ವಾಕ್ಯ ತುರುಕಿ ಲಯ ಸರಿಮಾಡಿಕೊಳ್ಳುತ್ತಾರೆ.

ಸರ್ಕಾರಕ್ಕೆ ಇದ್ಯಾವುದೂ ತಟ್ಟಲಿಲ್ಲ. 1945ರ ಆಗಸ್ಟ್ 15ರಂದು ಚಕ್ರವರ್ತಿ ರೇಡಿಯೋದಲ್ಲಿ ಶರಣಾಗತಿ ಸಾರಿದಾಗಲೂ ಗ್ರಾಂಥಿಕವೇ. ಕಿವಿಗೊಟ್ಟು ಕೂತ ಎಷ್ಟೋ ಜನರಿಗೆ ಯುದ್ಧ ಮುಗಿಯಿತೋ ಮುಂದುವರಿಯಿತೋ ತಿಳಿಯಲಿಲ್ಲ. ಅದಾದ ಮೇಲೆ ಕಾದಂಬರಿಕಾರ ಯಾಮಾಮೊತೊ ಯೂಝೋ ಮತ್ತು ಗೆಳೆಯರು ಸಂವಿಧಾನವಾದರೂ ಜನರ ಮಾತಿನಲ್ಲಿರಲಿ ಎಂದು ದುಂಬಾಲು ಬಿದ್ದರು. 1946ರ ನವೆಂಬರ್ 3ರಂದು ಘೋಷಿಸಿದ ಸಂವಿಧಾನ ‘ದೆ ಆರು’ ಜಾತಿಯ ಗದ್ಯದಲ್ಲಿದೆ. ಬೆಕ್ಕಿನ ಬಾಲ ಈಗ ರಾಜ್ಯಾಂಗಕ್ಕೇ ಹತ್ತಿತು. ಆದರೂ ದಂಡಸಂಹಿತೆ ಆಡುಮಾತಿಗೆ ಬರಲು 1995 ಆಗಬೇಕಾಯಿತು. ಇನ್ನು ‘ತಾಕಾಯಿ ದೆಸು’ ಎಂಬ ಸಾದಾ ಮಾತು ಸರಿಯೋ ತಪ್ಪೋ ಎಂದು ಪಂಡಿತರು ಜಗ್ಗಾಡುತ್ತಿದ್ದರು. ಶುದ್ಧವಾಗಿ ‘ತಾಕೋ ಗೊಝಾಯ್ಮಾಸು’ ಎನ್ನಬೇಕಿತ್ತು. 1952ರಲ್ಲಿ ಸರ್ಕಾರದ ಭಾಷಾಮಂಡಳಿ ಹೋಗಲಿ, ಹಾಗೇ ಅನ್ನಿ ಎಂದು ಅಪ್ಪಣೆ ಕೊಟ್ಟಿತು. ಜನ ಅಷ್ಟು ಹೊತ್ತಿಗೆ ಅಪ್ಪಣೆ ಕಾಯುವುದನ್ನು ಬಿಟ್ಟಿದ್ದರು.

‘ದೆ ಆರು’ ಕೋಯೋನ ಬಗ್ಗೆ ಇನ್ನೊಂದು ಮಾತು. 1888ರಲ್ಲಿ ಅವನು ಶಾಲೆಯ ಹುಡುಗಿಯರ ಮೇಲೆ ಹರಿಹಾಯ್ದಿದ್ದ: ವಾಕ್ಯದ ಕೊನೆಗೆ ‘ತೆಯೊ’, ‘ದಾವಾ’ ಎಂದೆಲ್ಲ ಎಳೆಯುತ್ತಾರೆ, ಕೀಳು ಮಾತು, ಅಸಹ್ಯ ಎಂದು. ಹತ್ತಿಪ್ಪತ್ತು ವರ್ಷದಲ್ಲಿ ಅದೇ ಮಾತು ಕುಲೀನ ಹೆಣ್ಣುಮಕ್ಕಳ ಲಕ್ಷಣವಾಯಿತು. ನೂರು ವರ್ಷ ಕಳೆದ ಮೇಲೆ ಹುಡುಗಿಯರು ಅದನ್ನು ಬಿಟ್ಟರು, ಅಯ್ಯೋ ನಮ್ಮ ಹೆಣ್ಣುಮಕ್ಕಳ ಸೊಗಸಾದ ಮಾತು ಹೋಯಿತಲ್ಲ ಎಂದು ಹಿರಿಯರು ಕೊರಗಿದರು. ಈಗ ಅದು ಉಳಿದಿರುವುದು ಹೆಚ್ಚಾಗಿ ಮಾಂಗಾಗಳಲ್ಲಿ, ಹಾಲಿವುಡ್ ನಟಿಯರ ಮಾತಿನ ಅನುವಾದದಲ್ಲಿ. ಮಾಂಗಾದ ವಿಜ್ಞಾನಿಗಳದ್ದೂ ಹೀಗೇ. ‘ಅಣುಹುಡುಗ’ ಆತೊಮುವಿನ ಡಾಕ್ಟರ್ ಒಚಾನೊಮಿಝು ‘ಜಾ’ ಎಂದೇ ಮುಗಿಸುತ್ತಾರೆ. ತೋಕ್ಯೋದ ಯಾವ ಪ್ರೊಫೆಸರರೂ ನಿಜವಾಗಿ ಹಾಗೆ ಮಾತಾಡುವುದಿಲ್ಲ. ಕಿನ್ಸುಯಿ ಸಾತೋಶಿ ಎಂಬ ಭಾಷಾವಿದ್ವಾಂಸರು 2003ರ ಪುಸ್ತಕದಲ್ಲಿ ಇದಕ್ಕೆ ‘ಪಾತ್ರಭಾಷೆ’ ಎಂಬ ಅರ್ಥದ ಹೆಸರು ಕೊಟ್ಟು ಜಾಡು ಹಿಡಿದರು. ಎದೊ ನಗರದ ಕಿರಿಯರು ಪೂರ್ವದ ಮಾತಿಗೆ ಹೊರಳಿದಾಗಲೂ ವಯಸ್ಸಾದ ವೈದ್ಯರು, ಪಂಡಿತರು ಪಶ್ಚಿಮದ ‘ಜಾ’ ಬಿಡಲಿಲ್ಲ. ನಾಟಕದವರು ಅದನ್ನು ಉಬ್ಬಿಸಿ ಆಡಿದರು. ಅಲ್ಲಿಂದ ಅದು ರೋಬಾಟ್ ಮಾಡುವ ಮುದುಕರವರೆಗೆ ಬಂತು.

ಈಚಿನ ಜಗಳ ಬಾಲದ್ದೂ ಅಲ್ಲ, ಬಾಲದಾಚೆಯ ಸೊನ್ನೆಯದ್ದು. ಜಪಾನಿ ಬರಹದ ಪೂರ್ಣವಿರಾಮ ಒಂದು ಪುಟ್ಟ ಸೊನ್ನೆ, ಅದಕ್ಕೆ ‘ಮಾರು’ ಎನ್ನುತ್ತಾರೆ. ಆಫೀಸಿನ ಹಿರಿಯರು ಫೋನಿನ ಸಂದೇಶದಲ್ಲಿ ‘ಸರಿ’ ಎಂದು ಬರೆದು ಶಿಸ್ತಾಗಿ ಮಾರು ಹಾಕಿದರೆ ಕಿರಿಯರಿಗೆ ಅದು ಸಿಡುಕಿನಂತೆ ಕಾಣುತ್ತದಂತೆ. ‘ಮಾರುಹಾರಾ’, ಅಂದರೆ ಪೂರ್ಣವಿರಾಮದ ಕಿರುಕುಳ ಎಂದು ಹೆಸರಿಟ್ಟು 2024ರಲ್ಲಿ ಟಿವಿಯವರು ವಾರಗಟ್ಟಲೆ ಚರ್ಚಿಸಿದರು. ತಾವಾರಾ ಮಾಚಿ ಎಂಬ ಪ್ರಸಿದ್ಧ ಕವಯಿತ್ರಿ ಮಾರುವಿನ ಪರವಾಗಿ ಒಂದು ತಾಂಕಾ ಬರೆದರು. ಕಿರಿಯರು ಸೊನ್ನೆಯ ಬದಲು ನಗುವಿನ ಗುರುತು ಹಾಕುತ್ತಾರೆ. ‘ವಾರಾಯ್’, ಅಂದರೆ ನಗು ಎಂಬುದನ್ನು ಕತ್ತರಿಸಿ ಇಂಗ್ಲಿಷಿನ ‘ಡಬ್ಲ್ಯು’ ಅಕ್ಷರವೊಂದನ್ನೇ ಉಳಿಸಿಕೊಂಡರು. ಜೋರು ನಗುವಿಗೆ ನಾಲ್ಕೈದು ಡಬ್ಲ್ಯು. ಅವು ಸಾಲಾಗಿ ನಿಂತರೆ ಹುಲ್ಲು ಚಿಗುರಿದ ಹಾಗೆ ಕಾಣುತ್ತದೆಂದು ಹುಲ್ಲು ಎಂಬರ್ಥದ ‘ಕುಸಾ’ ಎಂದೇ ಬರೆಯತೊಡಗಿದರು. ಡಬ್ಲ್ಯು ಹಾಕುವವರೆಲ್ಲ ಮುದುಕರು ಎಂದು ಈಗಾಗಲೇ ಹೈಸ್ಕೂಲು ಹುಡುಗರು ನಗುತ್ತಿದ್ದಾರೆ. ಕುಸಾದ ಸರದಿಗೆ ಇನ್ನೆಷ್ಟು ದಿನವೋ.